ಸಿಂಗಲ್ ಡೋರ್ ಮನೆಗಳಿಗೊಂದು ಬಹಿರಂಗ ಪತ್ರ

ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಸಂಸಾರ ತೂಗಿಸುತ್ತಿರುವ ಎಲ್ಲ ಮನೆಯವರಿಗೆ,



ಊರಲ್ಲಿರುವ ಇಷ್ಟು ಜನರನ್ನು ಬಿಟ್ಟು ನಿಮಗೇ ಯಾಕೆ ಬರೆಯುತ್ತಿದ್ದೇನೆಂದು ಮೊದಲೇ ಹೇಳಿಬಿಡುತ್ತೇನೆ. ಫ್ರೀಜರಿನಲ್ಲಿ ಏನೇನು ಇಡಬಹುದು, ಎಷ್ಟು ತಿಂಗಳು ಇಡಬಹುದು ಎಂದು ಹೇಳಿಕೊಡುವ ಲೇಖನಗಳಿಗೆ, ವಿಡಿಯೊಗಳಿಗೆ, ವಾಟ್ಸಾಪ್ ಸಂದೇಶಗಳಿಗೆ ಈಗ ಬರವಿಲ್ಲ. ಬಟಾಣಿ ಒಂದು ವರ್ಷ, ಮಾಂಸ ಆರು ತಿಂಗಳು, ತುಪ್ಪಕ್ಕೆಂದು ಕೂಡಿಸಿದ ಕೆನೆ ಮೂರು ತಿಂಗಳು ಎಂದು ಧೈರ್ಯವಾಗಿ ಹೇಳುತ್ತಾರೆ. ಅವರು ಹೇಳುವುದು ಸುಳ್ಳೇನಲ್ಲ. ಆದರೆ ಅವರ ಮನೆಯಲ್ಲಿರುವುದು ಆಳೆತ್ತರದ, ಫ್ರೀಜರಿಗೆ ಬೇರೆಯದೇ ಬಾಗಿಲಿರುವ ಯಂತ್ರ. ನಮ್ಮದು 180-190 ಲೀಟರಿನದು. ಬಾಗಿಲು ತೆಗೆದರೆ ಮೇಲ್ಗಡೆ ಒಂದು ಪುಟ್ಟ ಗೂಡು, ಅದಕ್ಕೊಂದು ಪ್ಲಾಸ್ಟಿಕ್ಕಿನ ಮುಚ್ಚಳ, ಒಳಗೆ 14ರಿಂದ 18 ಲೀಟರಿನಷ್ಟು ಜಾಗ. ಎರಡು ಐಸ್ ಟ್ರೇ ಇಟ್ಟು ಒಂದು ಕೆನೆ ಡಬ್ಬಿ ಇಟ್ಟರೆ ಅರ್ಧ ಮುಗಿಯಿತು. ಆ ಮುಚ್ಚಳದ ಸ್ಪ್ರಿಂಗು ಎಷ್ಟು ಮನೆಗಳಲ್ಲಿ ಸರಿಯಾಗಿದೆ ಹೇಳಿ? ಕೆಲವರು ಸೆಲ್ಲೋಟೇಪು ಹಚ್ಚಿದ್ದಾರೆ, ಕೆಲವರು ಐಸ್ ಟ್ರೇಯನ್ನೇ ಅಡ್ಡ ಕೊಟ್ಟು ನಿಲ್ಲಿಸಿದ್ದಾರೆ, ಇನ್ನು ಕೆಲವರ ಮನೆಯಲ್ಲಿ ಅದು ಕಿತ್ತು ಹೋಗಿ ವರ್ಷಗಳಾದವು.

ಇಷ್ಟು ಸಣ್ಣ ಗೂಡಿನೊಳಗೆ ನಾವು ಇಟ್ಟಿರುವುದೇನು? ಹಿತಕಿದ ಬೇಳೆ. ಕಾಯಿ ತುರಿ. ಚಿಪ್ಪಿನ ಸಮೇತ ಅರ್ಧ ಹೋಳು ತೆಂಗಿನಕಾಯಿ, ಹಬ್ಬದ ಮರುದಿನವಾದರೆ ನಾಲ್ಕೈದು. ಹುಳ ಹಿಡಿಯಬಾರದೆಂದು ಚಿರೋಟಿ ರವೆ. ಅತ್ತೆ ಕಳಿಸಿದ ಹುಳಿಪುಡಿ. ಭಾನುವಾರ ಉಳಿದ ಮಟನ್ನು, ಅದು ಕಾಣದಂತೆ ಸುತ್ತಿದ ಕಪ್ಪು ಕವರು. ಮೂರು ಜನ ಸಂಬಂಧಿಕರು ಬೇರೆ ಬೇರೆ ತಿಂಗಳು ತಿರುಪತಿಗೆ ಹೋಗಿಬಂದಿದ್ದರ ಲಡ್ಡು. ಮದುವೆಯಲ್ಲಿ ಮಿಕ್ಕ ಮೆಹೆಂದಿ ಕೋನು. ಮಂಡಿನೋವಿಗೆ ನೀಲಿ ಬಣ್ಣದ ಜೆಲ್ ಚೀಲ. ಕಟ್ಟಕಡೆಯಲ್ಲಿ, ಗೋಡೆಗೆ ಮಂಜಿನಿಂದ ಅಂಟಿಕೊಂಡು, ಏನೆಂದು ಯಾರಿಗೂ ನೆನಪಿಲ್ಲದ ಒಂದು ಪೊಟ್ಟಣ. ಅದನ್ನು ತೆಗೆಯಬೇಕೆಂದರೆ ಐಸ್ ಕರಗಿಸಬೇಕು, ಐಸ್ ಕರಗಿಸಬೇಕೆಂದರೆ ಉಳಿದದ್ದನ್ನೆಲ್ಲ ಎಲ್ಲಿಡುವುದು? ಹಾಗಾಗಿ ಅದು ಅಲ್ಲೇ ಇದೆ.

ನಾನು ಹೇಳಬೇಕೆಂದಿರುವುದು ಇಷ್ಟೇ: ನಮ್ಮ ಈ ಗೂಡು ಉಗ್ರಾಣ ಆಗಲಾರದು. ಅದಕ್ಕೆ ಆ ಶಕ್ತಿಯಿಲ್ಲ. ವಾರಗಳ ಲೆಕ್ಕದಲ್ಲಿ ನಂಬಬಹುದು, ವರ್ಷದ ಲೆಕ್ಕದಲ್ಲಿ ನಂಬಬಾರದು.

ಅಂಗಡಿಯಿಂದ ತರುವ ಫ್ರೋಜನ್ ಬಟಾಣಿ ಪ್ಯಾಕೆಟಿನ ಹಿಂಬದಿ ನೋಡಿ. ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಡಿ ಎಂದು ಬರೆದಿರುತ್ತದೆ. ಜಗತ್ತಿನಲ್ಲೆಲ್ಲ ಹೆಪ್ಪುಗಟ್ಟಿಸಿದ ಆಹಾರದ ಲೆಕ್ಕ ನಡೆಯುವುದು ಈ ಮೈನಸ್ 18ರ ಮೇಲೆ. ಯುರೋಪಿನಲ್ಲಿ ಫ್ರೀಜರುಗಳಿಗೆ ನಕ್ಷತ್ರದ ಗುರುತು ಹಾಕುತ್ತಾರೆ. ಒಂದು ನಕ್ಷತ್ರವಿದ್ದರೆ ಮೈನಸ್ 6, ಫ್ರೋಜನ್ ಪದಾರ್ಥ ಒಂದು ವಾರ ಇಡಬಹುದು. ಎರಡಿದ್ದರೆ ಮೈನಸ್ 12, ಒಂದು ತಿಂಗಳು. ಮೂರಿದ್ದರೆ ಮೈನಸ್ 18, ಆಗ ಪ್ಯಾಕೆಟಿನ ಮೇಲಿನ ತಾರೀಖನ್ನು ನಂಬಬಹುದು. ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ನಕ್ಷತ್ರಗಳಿಗೂ ಇದಕ್ಕೂ ಸಂಬಂಧವಿಲ್ಲ, ಅವು ಕರೆಂಟು ಎಷ್ಟು ಉಳಿಯುತ್ತದೆಂದು ಹೇಳುವ ನಕ್ಷತ್ರಗಳು. ಐದು ನಕ್ಷತ್ರದ ಫ್ರಿಜ್ ತಂದಿದ್ದೇವೆ, ಏನಿಟ್ಟರೂ ಕೆಡುವುದಿಲ್ಲ ಎಂದುಕೊಂಡವರು ದಯವಿಟ್ಟು ಇದನ್ನು ಇನ್ನೊಮ್ಮೆ ಓದಿ.

ನಮ್ಮ ಗೂಡು ಎಷ್ಟು ತಣ್ಣಗಿದೆ ಎಂದು ತಿಳಿಯಲು ಸಲಕರಣೆಯೇನೂ ಬೇಡ. ಒಂದು ಕಪ್ ಐಸ್‌ಕ್ರೀಮ್ ತಂದು ರಾತ್ರಿಯಿಡೀ ಇಡಿ. ಬೆಳಿಗ್ಗೆ ಚಮಚ ಇಳಿಯಲು ಸ್ವಲ್ಪ ತಿಣುಕಾಡಿದರೆ ಪರವಾಗಿಲ್ಲ. ಬೆಣ್ಣೆಗೆ ಇಳಿದಂತೆ ಇಳಿದರೆ ಗೂಡು ಮೈನಸ್ 18ರ ಹತ್ತಿರಕ್ಕೂ ಬಂದಿಲ್ಲ ಎಂದು ತಿಳಿಯಿರಿ. ಬೇಸಿಗೆಯಲ್ಲಿ, ಮಕ್ಕಳು ಗಳಿಗೆಗೊಮ್ಮೆ ಬಾಗಿಲು ತೆಗೆಯುವ ಮನೆಯಲ್ಲಿ, ಮುಚ್ಚಳ ಮುರಿದಿದ್ದರೆ, ಫಲಿತಾಂಶ ಪರೀಕ್ಷೆಗೆ ಮೊದಲೇ ಗೊತ್ತು.

ಈ ವ್ಯತ್ಯಾಸ ಎಷ್ಟು ದೊಡ್ಡದು ಎನ್ನುವುದಕ್ಕೆ ಎದೆಹಾಲಿನ ಲೆಕ್ಕ ನೋಡಿ. ಕೆಲಸಕ್ಕೆ ಮರಳುವ ತಾಯಂದಿರು ಹಾಲು ತೆಗೆದಿಡುವುದು ಈಗ ನಮ್ಮ ಮನೆಗಳಲ್ಲೂ ನಡೆಯುತ್ತಿದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಬಹುಕಾಲ ಕೊಡುತ್ತಿದ್ದ ಪಟ್ಟಿಯಲ್ಲಿ ಮೂರು ಸಾಲುಗಳಿದ್ದವು. ಡೀಪ್ ಫ್ರೀಜರಿನಲ್ಲಿ ಆರರಿಂದ ಹನ್ನೆರಡು ತಿಂಗಳು, ಬೇರೆ ಬಾಗಿಲಿರುವ ಫ್ರೀಜರಿನಲ್ಲಿ ಮೂರರಿಂದ ಆರು ತಿಂಗಳು, ಫ್ರಿಜ್ಜಿನೊಳಗೇ ಇರುವ ಫ್ರೀಜರ್ ಗೂಡಿನಲ್ಲಿ ಎರಡು ವಾರ. ಅದೇ ಹಾಲು, ಬೇರೆ ಬೇರೆ ಪೆಟ್ಟಿಗೆ. ಈಗ ಹೊರಡಿಸುವ ಸಲಹೆಗಳಲ್ಲಿ ಸುಮ್ಮನೆ ಫ್ರೀಜರ್ ಎಂದಷ್ಟೇ ಇರುತ್ತದೆ. ಸಿಂಗಲ್ ಡೋರ್ ಮನೆಯ ತಾಯಂದಿರು ಹಳೆಯ ಪಟ್ಟಿಯ ಮೂರನೇ ಸಾಲನ್ನು ಹಿಡಿದು ನಡೆಯುವುದೇ ಒಳ್ಳೆಯದು. ಒಮ್ಮೆ ಕರಗಿಸಿದ ಹಾಲನ್ನು ಫ್ರಿಜ್ಜಿನ ಕೆಳಭಾಗದಲ್ಲಿಟ್ಟು 24 ಗಂಟೆಯೊಳಗೆ ಕುಡಿಸಬೇಕು, ಮತ್ತೆ ಫ್ರೀಜರಿಗೆ ಹಾಕುವಂತಿಲ್ಲ.

ಇನ್ನು ಅವರೆಕಾಳಿಗೆ ಬರೋಣ. ಬೆಂಗಳೂರು, ಮಾಗಡಿ, ಹೊಸಕೋಟೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಫ್ರೀಜರ್ ಇರುವುದೇ ಅದಕ್ಕೆಂದು ಹೇಳಿದರೂ ತಪ್ಪಿಲ್ಲ. ಡಿಸೆಂಬರ್ ಬಂತೆಂದರೆ ರಸ್ತೆಬದಿಯಲ್ಲಿ ಗೋಣಿತಾಟಿನ ಮೇಲೆ ರಾಶಿ ಬೀಳುತ್ತದೆ. ಇಬ್ಬನಿ ಕುಡಿದ ಕಾಯಿ, ಬೆರಳಿಗೆ ಅಂಟುವ ಸೊಗಡು. ಜನವರಿಯಲ್ಲಿ, ಬೆಂಗಳೂರಿನ ವಿ.ವಿ. ಪುರಂ ಕಡೆ ಶುರುವಾದ ಅವರೆಬೇಳೆ ಮೇಳದಲ್ಲಿ ದೋಸೆಯಿಂದ ಜಿಲೇಬಿಯವರೆಗೆ ಎಲ್ಲದಕ್ಕೂ ಅವರೆ ಹಾಕಿ ಮಾರುವುದನ್ನು ನೋಡಲು ಊರಿಗೂರೇ ಹೋಗುತ್ತದೆ. ಫೆಬ್ರುವರಿ ಕಳೆಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆ ಮೂರು ತಿಂಗಳಲ್ಲಿ ತಿಂದು ಮುಗಿಸುವುದರ ಜೊತೆಗೆ ಏಪ್ರಿಲ್, ಮೇಗೆ ಮಗಳು ಬಂದಾಗ, ಅಳಿಯ ಬಂದಾಗ ಎಂದು ಕೂಡಿಡುವ ಆಸೆ.

ಆ ಕೆಲಸ ಎಷ್ಟೆಂದು ಮಾಡಿದವರಿಗೇ ಗೊತ್ತು. ಐದು ಕೆ.ಜಿ. ಕಾಯಿ ತಂದು, ಟಿ.ವಿ. ಮುಂದೆ ಹಳೆಯ ಪೇಪರ್ ಹಾಸಿ, ಮನೆಮಂದಿಯೆಲ್ಲ ಕೂತು ಬಿಡಿಸಬೇಕು. ಉಗುರಿನ ಸಂದು ಕಪ್ಪಾಗುತ್ತದೆ. ಹಸಿರು ಹುಳ ಕಂಡರೆ ಮಕ್ಕಳು ಎದ್ದು ಓಡುತ್ತಾರೆ, ಅಜ್ಜಿ ಮಾತ್ರ ಅದನ್ನು ಬೆರಳಲ್ಲಿ ಆಚೆ ತಳ್ಳಿ ಮುಂದಿನ ಕಾಯಿಗೆ ಕೈ ಹಾಕುತ್ತಾರೆ. ಬಿಡಿಸಿದ ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ಒಂದೊಂದನ್ನೇ ಹೆಬ್ಬೆರಳು-ತೋರುಬೆರಳಿನ ನಡುವೆ ಹಿಡಿದು ಹಿತುಕಿದರೆ ಬೇಳೆ ಚಂಗನೆ ಹಾರಿ ಪಾತ್ರೆಗೋ ಪಕ್ಕದವರ ಮಡಿಲಿಗೋ ಬೀಳುತ್ತದೆ. ಇಷ್ಟೆಲ್ಲ ಮಾಡಿ ಕೊನೆಗೆ ಒದ್ದೆ ಬೇಳೆಯನ್ನು ದೊಡ್ಡ ಕವರಿಗೆ ಸುರಿದು, ಗಂಟು ಹಾಕಿ, ಫ್ರೀಜರಿಗೆ ನೂಕುತ್ತೇವೆ. ಒಂದು ತಿಂಗಳ ನಂತರ ತೆಗೆದರೆ ಇಡೀ ಮುದ್ದೆ ಕಲ್ಲು. ಲಟ್ಟಣಿಗೆಯಿಂದ ಕುಟ್ಟಿ, ನೀರಲ್ಲಿ ನೆನೆಸಿ, ಬೇಕಾದಷ್ಟು ಬಿಡಿಸಿಕೊಂಡು ಮಿಕ್ಕಿದ್ದನ್ನು ಮತ್ತೆ ಒಳಗಿಡುತ್ತೇವೆ. ಅರ್ಧ ಕರಗಿ ಮತ್ತೆ ಗಟ್ಟಿಯಾದ ಆ ಬೇಳೆಯಲ್ಲಿ ಸಾರು ಮಾಡಿದರೆ ಹಿಟ್ಟು ತಿಂದಂತೆ.

ಹೀಗಾಗುವುದಕ್ಕೆ ಕಾರಣವಿದೆ. ಕಾಳಿನೊಳಗಿನ ನೀರು ನಿಧಾನವಾಗಿ ಹೆಪ್ಪುಗಟ್ಟಿದರೆ ಐಸಿನ ಹರಳುಗಳು ದೊಡ್ಡದಾಗಿ ಬೆಳೆದು ಕಾಳಿನ ಜೀವಕೋಶಗಳನ್ನು ಚುಚ್ಚಿ ಒಡೆಯುತ್ತವೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣವು, ಹಾನಿ ಕಡಿಮೆ. ಈ ಗುಟ್ಟನ್ನು ವ್ಯಾಪಾರಕ್ಕೆ ತಂದವನು ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕದವನು. 1912ರ ಸುಮಾರಿಗೆ, ಈಗ ಕೆನಡಾಕ್ಕೆ ಸೇರಿರುವ ಲ್ಯಾಬ್ರಡಾರಿನಲ್ಲಿದ್ದಾಗ, ಅಲ್ಲಿನ ಇನ್ಯುಇಟ್ ಜನ ಐಸಿನ ತೂತಿನಿಂದ ಹಿಡಿದ ಮೀನು ಕೊರೆಯುವ ಗಾಳಿಗೆ ಬಂದ ಕೂಡಲೇ ಗಡ್ಡೆ ಕಟ್ಟುವುದನ್ನೂ, ತಿಂಗಳುಗಳ ನಂತರ ಬೇಯಿಸಿದರೂ ರುಚಿ ಹಾಗೇ ಇರುವುದನ್ನೂ ನೋಡಿದ. ಆಮೇಲೆ ಅದನ್ನೇ ಯಂತ್ರದಲ್ಲಿ ಮಾಡಿದ, 1930ರಲ್ಲಿ ಆ ಮಾಲು ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಅಂಗಡಿಗಳಲ್ಲಿ ಮಾರಾಟಕ್ಕೆ ಬಂತು. ಆ ಮೊದಲ ಮಾಲಿನಲ್ಲಿ ಬಟಾಣಿಯೂ ಇತ್ತು. ಇಂದಿನ ಬಟಾಣಿ ಪ್ಯಾಕೆಟಿನಲ್ಲಿ ಕಾಳುಗಳು ಬಿಡಿಬಿಡಿಯಾಗಿ ಗಲಗಲ ಅನ್ನುವುದು ಅದೇ ದಾರಿಯಿಂದ ಬಂದದ್ದು. ನಮ್ಮ ಗೂಡಿಗೆ ಆ ವೇಗವಿಲ್ಲ. ಎರಡು ಕೆ.ಜಿ. ಬೇಳೆಯ ಮುದ್ದೆ ನಡುವಿನವರೆಗೆ ಗಟ್ಟಿಯಾಗಲು ಅದಕ್ಕೆ ಒಂದು ರಾತ್ರಿ ಸಾಲದು.

ಹಾಗಾದರೆ ಏನು ಮಾಡುವುದು? ವೇಗವನ್ನು ಯಂತ್ರ ಕೊಡದಿದ್ದರೆ ನಾವೇ ಕೊಡಬೇಕು. ಕುದಿಯುವ ನೀರಿಗೆ ಕಾಳು ಹಾಕಿ ಎರಡು ನಿಮಿಷ ಬಿಟ್ಟು ಸೋಸಿ, ಕೂಡಲೇ ಐಸ್ ನೀರಿಗೆ ಹಾಕಿ. ಕಾಳನ್ನು ಒಳಗಿನಿಂದಲೇ ಕೆಡಿಸುವ ಕಿಣ್ವಗಳು ಚಳಿಗೆ ಜಗ್ಗುವುದಿಲ್ಲ, ನಿಧಾನವಾಗಿಯಾದರೂ ಕೆಲಸ ಮಾಡುತ್ತಲೇ ಇರುತ್ತವೆ. ಅವು ನಿಲ್ಲುವುದು ಆ ಬಿಸಿನೀರಿಗೆ. ಆಮೇಲೆ ಬಟ್ಟೆಯ ಮೇಲೆ ಹರಡಿ ಒದ್ದೆಯೆಲ್ಲ ಆರಿಸಿ. ಫ್ರೀಜರಿನೊಳಗೆ ಹಿಡಿಯುವಂಥ ತಿಂಡಿ ತಟ್ಟೆಯಲ್ಲಿ ಒಂದೇ ಪದರ ಹರಡಿ, ಗಟ್ಟಿಯಾದ ಮೇಲೆ ಒಂದು ಹೊತ್ತಿನ ಸಾರಿಗೆ ಎಷ್ಟು ಬೇಕೋ ಅಷ್ಟನ್ನು ಒಂದೊಂದು ಕವರಿಗೆ ಹಾಕಿ, ಗಾಳಿ ತೆಗೆದು, ಚಪ್ಪಟೆಯಾಗಿ ಮಡಚಿ. ತೆಳ್ಳಗಿನ ಕವರುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿಟ್ಟರೆ ಜಾಗವೂ ಉಳಿಯುತ್ತದೆ. ಬೇಳೆಯನ್ನು ಕರಗಿಸಬೇಕಾಗಿಲ್ಲ, ಕುದಿಯುವ ಸಾರಿಗೆ ನೇರ ಸುರಿಯಬಹುದು. ಒಂದು ಮಾತು ಮಾತ್ರ ಮೊದಲೇ ಒಪ್ಪಿಕೊಳ್ಳೋಣ: ಸೊಗಡು ಉಳಿಯುವುದಿಲ್ಲ. ಅದು ಕಾಯಿಯ ಸಿಪ್ಪೆಯ ಜೊತೆಗೇ ಹೋಯಿತು. ಫ್ರೀಜರಿನಲ್ಲಿ ಉಳಿಯುವುದು ಬೇಳೆಯ ರುಚಿ. ಯುಗಾದಿಯ ಹೊತ್ತಿಗೆ ಖಾಲಿ ಮಾಡುವ ಲೆಕ್ಕ ಇಟ್ಟುಕೊಂಡರೆ ಚೆನ್ನ, ಶ್ರಾವಣಕ್ಕೆಂದು ಇಟ್ಟವರು ತೆಗೆದ ಮೇಲೆ ಬೈದುಕೊಳ್ಳಬೇಕಾಗುತ್ತದೆ.

ಇಲ್ಲಿ ಹೊರದೇಶದಲ್ಲಿರುವ ನಮ್ಮವರ ಮಾತು ಬರುತ್ತದೆ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಕನ್ನಡಿಗರ ಗ್ಯಾರೇಜಿನಲ್ಲಿ ಪೆಟ್ಟಿಗೆಯಂಥ ಡೀಪ್ ಫ್ರೀಜರ್ ಇರುತ್ತದೆ. ತುರಿದ ತೆಂಗು, ಕರಿಬೇವು, ನುಗ್ಗೆಕಾಯಿ ಎಲ್ಲವೂ ಅದರಲ್ಲಿ ಐಸಾಗಿ ಕೂತಿರುತ್ತವೆ. ಅವರೆಕಾಳು ಸಿಗದಿದ್ದಾಗ ಅವರು ಗುಜರಾತಿಗಳ ಅಂಗಡಿಯಿಂದ ಊಂಧಿಯುಗೆ ಹಾಕುವ ಸೂರ್ತಿ ಪಾಪ್ಡಿ ಲೀಲ್ವಾ ತಂದು ಹುಳಿ ಮಾಡುತ್ತಾರೆ, ಅದೂ ಅವರೆಯ ಬಳಗದ್ದೇ. ಅವರಿಗೆ ಮೈನಸ್ 18 ಇದೆ, ಜಾಗ ಇದೆ, ಕರೆಂಟು ಹೋಗುವುದು ಅಪರೂಪ. ಅವರು ಫೋನಿನಲ್ಲಿ ಕೊಡುವ ಸಲಹೆಯನ್ನು ನಾವು ಹಾಗೇ ಪಾಲಿಸಿದರೆ ಕೆಡುವುದು ನಮ್ಮ ಬೇಳೆ.

ಮಾಂಸದ ವಿಷಯ ಬೇರೆ. ಹಳೇ ಮೈಸೂರು ಕಡೆ ಯುಗಾದಿಯ ಮಾರನೆಯ ದಿನ ಹೊಸತೊಡಕು. ಊರಿನಲ್ಲಿ ವರ್ಷವಿಡೀ ಚೀಟಿ ಕಟ್ಟಿ, ಅಂದು ಕುರಿ-ಮೇಕೆ ಕುಯ್ದು, ಬಾಳೆಲೆಯ ಮೇಲೋ ಟಾರ್ಪಾಲಿನ ಮೇಲೋ ಸಮಸಮ ಗುಡ್ಡೆ ಹಾಕುತ್ತಾರೆ. ಗುಡ್ಡೆ ಬಾಡಿನಲ್ಲಿ ತಲೆಯದ್ದೂ ತೊಡೆಯದ್ದೂ ಈಲಿಯದ್ದೂ ಎಲ್ಲರಿಗೂ ಒಂದೊಂದು ತುಂಡು ಬರಬೇಕು, ಅದೇ ಅದರ ನ್ಯಾಯ. ಆ ಗುಡ್ಡೆಯಲ್ಲಿ ಒಂದು ಪಾಲು ಬಸ್ಸಿನಲ್ಲಿ ಬೆಂಗಳೂರಿಗೆ ಬರುತ್ತದೆ. ಅಂದು ತಿಂದಷ್ಟು ತಿಂದು ಮಿಕ್ಕಿದ್ದು ಫ್ರೀಜರಿಗೆ. ಆಮೇಲೆ ಸೋಮವಾರ ತಿನ್ನುವುದಿಲ್ಲ, ಶನಿವಾರ ತಿನ್ನುವುದಿಲ್ಲ, ನಡುವೆ ಏಕಾದಶಿ ಬರುತ್ತದೆ, ಮನೆದೇವರ ವಾರ ಬರುತ್ತದೆ. ಹೀಗೆ ದಿನ ಮುಂದೂಡುತ್ತ ಹೋದರೆ ಶ್ರಾವಣ ಬಂದೇಬಿಡುತ್ತದೆ. ಶ್ರಾವಣದಲ್ಲಿ ಫ್ರೀಜರಿನೊಳಗೂ ಮಾಂಸ ಇರಕೂಡದು ಎನ್ನುವ ಮನೆಗಳಿವೆ, ಭೀಮನ ಅಮಾವಾಸ್ಯೆಗೆ ಮೊದಲೇ ಬಳಿದು ತೊಳೆಯುತ್ತಾರೆ. ನನ್ನನ್ನು ಕೇಳಿದರೆ ಅದೊಂದು ಒಳ್ಳೆಯ ಕಟ್ಟಳೆ. ನಂಬಿಕೆ ಇರಲಿ ಬಿಡಲಿ, ವರ್ಷಕ್ಕೊಮ್ಮೆಯಾದರೂ ಆ ಗೂಡು ಪೂರ್ತಿ ಖಾಲಿಯಾಗಿ ಒರೆಸಿಕೊಳ್ಳುತ್ತದೆ.

ಮಾಂಸವನ್ನು ಹೊತ್ತಿಗಾಗುವಷ್ಟು ಭಾಗ ಮಾಡಿ, ಗಾಳಿಯಾಡದಂತೆ ಸುತ್ತಿ ಇಡಿ. ಗಾಳಿ ತಾಗಿದ ಕಡೆ ತೇವ ಆರಿಹೋಗಿ ತುಂಡು ಬಿಳಿಚಿಕೊಂಡು ಚಕ್ಕೆಯಂತಾಗುತ್ತದೆ. ವಿಷವೇನೂ ಅಲ್ಲ, ಆದರೆ ಎಷ್ಟು ಬೇಯಿಸಿದರೂ ನಾರು ನಾರು. ಉಪ್ಪು-ಖಾರ ಹಚ್ಚಿ ತಿಂಗಳುಗಟ್ಟಲೆ ಇಡುವ ಅಭ್ಯಾಸ ಬಿಡಿ. ಫ್ರೀಜರಿನೊಳಗೆ ಉಪ್ಪು ಕೊಬ್ಬನ್ನು ಕಾಪಾಡುವುದಿಲ್ಲ, ಬೇಗ ಕಮಟಾಗಿಸುತ್ತದೆ. ಬೋಟಿಯನ್ನು ಫ್ರೀಜರಿನಲ್ಲಿಡುವವರಿಗೆ ನನ್ನ ಬಳಿ ಹೇಳಲು ಏನೂ ಇಲ್ಲ, ಅದನ್ನು ಅಂದೇ ತೊಳೆದು ಅಂದೇ ಬೇಯಿಸಬೇಕು. ಕರಗಿಸುವಾಗ ಹಿಂದಿನ ರಾತ್ರಿಯೇ ಫ್ರೀಜರಿನಿಂದ ಇಳಿಸಿ ಕೆಳಗಿನ ಅರೆಯಲ್ಲಿ, ರಸ ಸೋರದಂಥ ಪಾತ್ರೆಯಲ್ಲಿಡಿ. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಅಡುಗೆಕಟ್ಟೆಯ ಮೇಲೆ ತೆಗೆದಿಟ್ಟು ಸಂಜೆ ಬಂದು ಬೇಯಿಸುವುದು ಬೇಡ. ಚಳಿಗೆ ಸೂಕ್ಷ್ಮಜೀವಿಗಳು ಸಾಯುವುದಿಲ್ಲ, ಸುಮ್ಮನಿರುತ್ತವೆ ಅಷ್ಟೆ. 5 ಡಿಗ್ರಿ ದಾಟಿದ ಮೇಲೆ ಎಚ್ಚೆತ್ತು ಬಿಟ್ಟಲ್ಲಿಂದಲೇ ಮುಂದುವರಿಸುತ್ತವೆ.

ಕರಾವಳಿಯವರಿಗೆ ಎರಡೇ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆ 61 ದಿನ ಮೀನಿಗೆ ಬರ, ಬೆಲೆಯೂ ಆಕಾಶಕ್ಕೆ. ಅದಕ್ಕೇ ಮೇ ಕೊನೆಯಲ್ಲಿ ಮಂಗಳೂರಿನಿಂದ ರಾತ್ರಿ ಬಸ್ಸಿಗೆ ಥರ್ಮಕೋಲ್ ಡಬ್ಬ ಹತ್ತಿಸಿ ಬೆಂಗಳೂರಿನ ಮಕ್ಕಳಿಗೆ ಮೀನು ಕಳಿಸುವ ಅಪ್ಪ-ಅಮ್ಮಂದಿರಿದ್ದಾರೆ. ಸಿಗಡಿಯನ್ನು ಶುಚಿ ಮಾಡಿ ಡಬ್ಬಿಯಲ್ಲಿ ಮುಳುಗುವಷ್ಟು ನೀರು ಹಾಕಿಟ್ಟರೆ ಗಾಳಿ ತಾಗುವುದಿಲ್ಲ, ಚೆನ್ನಾಗಿಯೇ ಉಳಿಯುತ್ತದೆ. ಬೂತಾಯಿ, ಬಂಗುಡೆ ಎಣ್ಣೆ ಮೀನುಗಳು, ಬೇಗ ಕಮಟುತ್ತವೆ, ಅವನ್ನು ಮೊದಲು ತಿಂದು ಕಾಣೆಯನ್ನು ಕೊನೆಗಿಡಿ. ಮಳೆಗಾಲಕ್ಕೆ ಒಣಮೀನು ಎಂಬುದೊಂದು ಇತ್ತಲ್ಲ, ಅದು ಈಗಲೂ ಇದೆ, ಅದಕ್ಕೆ ಕರೆಂಟು ಬೇಡ.

ಹಾಗೆ ನೋಡಿದರೆ ನಮ್ಮ ಗೂಡಿನಲ್ಲಿ ಕೂತಿರುವ ಎಷ್ಟೋ ವಸ್ತುಗಳಿಗೆ ಅಲ್ಲಿ ಇರುವ ಅವಶ್ಯಕತೆಯೇ ಇಲ್ಲ. ಹುಣಸೆಹಣ್ಣಿಗೆ ಉಪ್ಪು ಹಾಕಿ ಜಾಡಿಯಲ್ಲಿಟ್ಟರೆ ವರ್ಷ ಇರುತ್ತದೆ. ಹಲಸಿನ ಸೊಳೆಯನ್ನು ಉಪ್ಪುನೀರಿನಲ್ಲಿ ಹಾಕಿ ಮಳೆಗಾಲ ಕಳೆಯುವುದು ದಕ್ಷಿಣ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರವೆಯನ್ನು ಹಸಿವಾಸನೆ ಹೋಗುವಂತೆ ಹುರಿದು ಡಬ್ಬಿಗೆ ತುಂಬಿದರೆ ಹುಳ ಬರುವುದಿಲ್ಲ. ಚಿಪ್ಪಿನ ಸಮೇತ ಕಾಯಿ ಇಡುವವರು ದಯವಿಟ್ಟು ಯೋಚಿಸಿ: ಅರ್ಧ ಹೋಳನ್ನು ಬಿಸಾಡಲು ಮನಸ್ಸಾಗದು, ಸರಿ. ಆದರೆ ಚಿಪ್ಪನ್ನು ತಣ್ಣಗಿಟ್ಟು ಏನು ಲಾಭ? ತುರಿದು, ಚಿಕ್ಕ ಡಬ್ಬಿಗೆ ತುಂಬಿ. ಒಂದೇ ದೊಡ್ಡ ಡಬ್ಬಿಯಾದರೆ ದಿನಾ ಹೊರಗೆ ತೆಗೆದು ಒಳಗಿಟ್ಟು ಎರಡು ವಾರಕ್ಕೇ ಸೋಪಿನ ವಾಸನೆ ಹಿಡಿಯುತ್ತದೆ.

ಮೆಣಸಿನಕಾಯಿಯ ವಿಷಯದಲ್ಲಿ ಮಾತ್ರ ಚಳಿಯಲ್ಲಿಡುವವರ ಪರ ನಾನು. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆಂದೇ ಶೀತಲಗೃಹಗಳಿವೆ. ಬಣ್ಣ ಮಾಸಬಾರದೆಂದು ವ್ಯಾಪಾರಿಗಳು ಚೀಲಗಟ್ಟಲೆ ಅಲ್ಲಿಡುತ್ತಾರೆ. ಆ ಬಣ್ಣಕ್ಕೇ ತಾನೇ ಅದಕ್ಕೆ ಬೆಲೆ. ಆದರೆ ಅದಕ್ಕೆ ಫ್ರೀಜರ್ ಬೇಕಿಲ್ಲ, ಫ್ರಿಜ್ಜಿನ ಕೆಳಗಿನ ಅರೆ ಸಾಕು. ಹುಳಿಪುಡಿಗೂ ಅಷ್ಟೆ. ತೇವ ಸೇರದ ಡಬ್ಬಿ, ಒಣಗಿದ ಚಮಚ ಇದ್ದರಾಯಿತು.

ಕೆನೆ ಡಬ್ಬಿಗೆ ನನ್ನ ಪೂರ್ಣ ಬೆಂಬಲವಿದೆ. ದಿನಾ ಹಾಲಿನ ಮೇಲಿನ ಕೆನೆ ತೆಗೆದು ಸ್ಟೀಲ್ ಡಬ್ಬಿಗೆ ಸೇರಿಸುತ್ತಾ, ತುಂಬಿದ ಮೇಲೆ ಹೊರಗಿಟ್ಟು, ಒಂದು ಚಮಚ ಮೊಸರು ಹಾಕಿ ಹುಳಿಯಾಗಿಸಿ, ಐಸ್ ನೀರು ಹಾಕಿ ಮಿಕ್ಸಿಯಲ್ಲಿ ಕಡೆದರೆ ಬೆಣ್ಣೆ ತೇಲುವುದನ್ನು ನೋಡುವ ಸುಖ ಅಂಗಡಿ ತುಪ್ಪದಲ್ಲಿ ಎಲ್ಲಿದೆ? ಮುಚ್ಚಳ ಬಿಗಿಯಾಗಿರಲಿ. ಕೆನೆ ಪಕ್ಕದಲ್ಲಿ ಏನಿದೆಯೋ ಅದರ ವಾಸನೆ ಹೀರುತ್ತದೆ, ಬಂಗುಡೆಯ ಘಮದ ತುಪ್ಪವನ್ನು ಹೋಳಿಗೆಗೆ ಹಾಕಿ ಬಡಿಸಿದರೆ ನೆಂಟರು ಏನೂ ಅನ್ನುವುದಿಲ್ಲ, ಮುಂದಿನ ಸಲ ಬರುವುದಿಲ್ಲ.

ಲಡ್ಡುವಿನ ವಿಚಾರಕ್ಕೆ ಬರಲು ಸ್ವಲ್ಪ ಹಿಂಜರಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಪ್ರಸಾದ ಬಿಸಾಡಬಾರದು, ಸಕ್ಕರೆ ಕಾಯಿಲೆಯವರು ತಿನ್ನಬಾರದು, ಮಕ್ಕಳಿಗೆ ಚಾಕೊಲೇಟ್ ಬೇಕು, ಹೀಗಾಗಿ ಲಡ್ಡು ಫ್ರೀಜರ್ ಸೇರುತ್ತದೆ. ಪ್ರಸಾದ ಬಂದ ದಿನವೇ ಅದನ್ನು ಪುಡಿ ಮಾಡಿ ಅಕ್ಕಪಕ್ಕದವರಿಗೆ, ಮನೆಗೆಲಸದ ಅಕ್ಕನಿಗೆ, ಕೆಳಗಿನ ಸೆಕ್ಯುರಿಟಿ ಅಣ್ಣನಿಗೆ ಹಂಚಿದರೆ ಆಯಿತು. ಆರು ತಿಂಗಳು ಹೆಪ್ಪುಗಟ್ಟಿಸಿ ಅಪರಾಧಭಾವದಿಂದ ನೋಡುತ್ತ ಕೂರುವುದರಲ್ಲಿ ಯಾವ ಭಕ್ತಿಯೂ ಇಲ್ಲ.

ಈಗ ಈ ಪತ್ರದಲ್ಲೇ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಇಲ್ಲಿಯವರೆಗೆ ಹೇಳಿದ್ದು ರುಚಿಯ, ಹಣದ ಮಾತು, ಇದು ಜೀವದ್ದು. ಇನ್ಸುಲಿನ್ ಯಾವತ್ತೂ ಫ್ರೀಜರಿಗೆ ಹೋಗಬಾರದು. ತೆರೆಯದ ಇನ್ಸುಲಿನ್ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ನಮ್ಮಂಥ ಫ್ರಿಜ್ಜಿನಲ್ಲಿ ಫ್ರೀಜರಿನ ಕೆಳಗೇ ಇರುವ ಚಿಲ್ಲರ್ ಟ್ರೇ ಹಾಗೂ ಅದರ ಹಿಂಭಾಗದ ಗೋಡೆ ಕೆಲವೊಮ್ಮೆ ಸೊನ್ನೆಗೂ ಇಳಿಯುತ್ತವೆ. ಅಲ್ಲಿಟ್ಟ ಕೊತ್ತಂಬರಿ ಸೊಪ್ಪು ಗಾಜಿನಂತಾಗಿದ್ದನ್ನು ನೀವೂ ನೋಡಿರುತ್ತೀರಿ. ಅಲ್ಲಿ ಇನ್ಸುಲಿನ್ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ಕಣ್ಣಿಗೆ ಸರಿಯಾಗಿ ಕಂಡರೂ ಕೆಲಸ ಮಾಡುತ್ತದೆಂದು ನಂಬುವಂತಿಲ್ಲ, ಎಸೆಯಲೇಬೇಕು. ದುಬಾರಿಯದೆಂದು ಚುಚ್ಚಿಕೊಂಡರೆ ಸಕ್ಕರೆ ಯಾಕೆ ಇಳಿಯುತ್ತಿಲ್ಲವೆಂದು ಡೋಸ್ ಏರಿಸುತ್ತ ಹೋಗಬೇಕಾಗುತ್ತದೆ. ನಡುವಿನ ಅರೆಯಲ್ಲಿ, ಒಂದು ಡಬ್ಬಿಯೊಳಗೆ, ಹಿಂಬದಿಯ ಗೋಡೆಗೆ ತಾಗದಂತೆ ಇಡಿ. ಮನೆಯಲ್ಲಿ ವಯಸ್ಸಾದವರು ತಾವೇ ಔಷಧಿ ಇಟ್ಟುಕೊಳ್ಳುತ್ತಿದ್ದರೆ ಇವತ್ತೇ ಹೋಗಿ ನೋಡಿ.

ಕರೆಂಟು ಹೋಗುವುದು ನಮಗೆ ಹೊಸದಲ್ಲ. ದುರಸ್ತಿಗಾಗಿ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ ಎಂಬ ಪ್ರಕಟಣೆ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಬಾಗಿಲು ತೆಗೆಯದಿದ್ದರೆ ತುಂಬಿದ ದೊಡ್ಡ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆಂಬ ಲೆಕ್ಕವಿದೆ. ನಮ್ಮ ಗೂಡಿಗೆ ಅಷ್ಟು ಹೊತ್ತು ಕೊಡಬೇಡಿ. ಬೇಸಿಗೆ ರಜೆಗೆ ಬೀಗ ಹಾಕಿ ಊರಿಗೆ ಹೋಗುವವರು ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ರೂಪಾಯಿಯ ನಾಣ್ಯ ಇಟ್ಟು ಹೋಗಿ. ವಾಪಸು ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ಲೋಟದ ತಳದಲ್ಲಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಮಾಂಸ-ಮೀನನ್ನು ನೋಡದೆ ಮೂಸದೆ ಎಸೆಯಿರಿ.

ಐಸ್ ಕಟ್ಟುವುದು ನಮ್ಮ ಫ್ರಿಜ್ಜುಗಳ ಹುಟ್ಟುಗುಣ. ಅರ್ಧ ಸೆಂಟಿಮೀಟರ್ ದಪ್ಪವಾಯಿತೆಂದರೆ ರೆಗ್ಯುಲೇಟರಿನ ನಡುವಿನ ಡಿಫ್ರಾಸ್ಟ್ ಬಟನ್ ಒತ್ತಬೇಕು. ಆ ಮಂಜು ಚಳಿ ಹೆಚ್ಚಿಸುತ್ತದೆಂದು ಹಲವರು ನಂಬಿದ್ದಾರೆ. ಅದು ಮಾಡುವುದು ತದ್ವಿರುದ್ಧ, ಕಂಬಳಿ ಹೊದಿಸಿದಂತೆ ಚಳಿಯನ್ನು ತಡೆದು ಕರೆಂಟ್ ಬಿಲ್ಲು ಹೆಚ್ಚಿಸುತ್ತದೆ. ಅಂಟಿದ ಪೊಟ್ಟಣ ಬಿಡಿಸಲು ಚಾಕು ಹಾಕಬೇಡಿ. ಆ ಗೋಡೆಯೊಳಗೇ ಗ್ಯಾಸಿನ ನಾಳ ಓಡುತ್ತದೆ, ಒಂದು ತೂತಾದರೆ ರಿಪೇರಿಯವನು ಹೇಳುವ ಬೆಲೆಗೆ ಹಳೆಯ ಫ್ರಿಜ್ಜೇ ಸಿಗುತ್ತದೆ. ಈಚಿನ ಫ್ರಿಜ್ಜುಗಳಲ್ಲಿರುವ ಐಸೋಬ್ಯೂಟೇನ್ ಅಡುಗೆ ಅನಿಲದ ಬಳಗದ್ದು, ಕಿಡಿ ತಾಗಿದರೆ ಉರಿಯುವಂಥದ್ದು. ಮುರಿದ ಮುಚ್ಚಳವನ್ನೂ ಇನ್ನು ಮುಂದೂಡಬೇಡಿ. ಮಾಡೆಲ್ ನಂಬರ್ ಬರೆದುಕೊಂಡು ಹೋದರೆ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ.

ಒಂದೇ ಬೇಡಿಕೆಯೊಂದಿಗೆ ಮುಗಿಸುತ್ತೇನೆ. ಫ್ರಿಜ್ಜಿನ ಮೇಲೆ ಒಂದು ಮಾರ್ಕರ್ ಪೆನ್ನು, ಒಂದು ಪೇಪರ್ ಟೇಪು ಇಡಿ. ಒಳಗೆ ಹೋಗುವ ಪ್ರತಿಯೊಂದರ ಮೇಲೂ ಏನು, ಯಾವ ತಾರೀಖು ಎಂದು ಬರೆಯಿರಿ. ಅವರೆ ಕಾಲ ಶುರುವಾಗುವ ಮೊದಲು ಒಂದು ದಿನ ಎಲ್ಲವನ್ನೂ ಹೊರಗೆ ತೆಗೆದು, ಒದ್ದೆ ಟವೆಲಿನಲ್ಲಿ ಸುತ್ತಿ ಬಕೆಟಿನಲ್ಲಿಟ್ಟು, ಐಸ್ ಕರಗಿಸಿ, ಒರೆಸಿ. ಹೆಸರು ಗೊತ್ತಿರುವುದನ್ನು ಆ ವಾರವೇ ಅಡುಗೆ ಮಾಡಿ ಮುಗಿಸಿ. ಗುರುತು ಸಿಗದ್ದು ಹಸಿ ಕಸಕ್ಕೆ ಹೋಗಲಿ. ನಮ್ಮ ಬೀದಿಗೆ ಭಾನುವಾರ ಕಸದ ಗಾಡಿ ಬರುವುದಿಲ್ಲ, ನಿಮ್ಮಲ್ಲೂ ಹಾಗಿದ್ದರೆ ಈ ಕೆಲಸ ಶನಿವಾರ ಬೆಳಿಗ್ಗೆಯೇ ಮಾಡಿ.

ಇತಿ,
ನಿಮ್ಮಂಥದ್ದೇ ಇನ್ನೊಂದು ಸಿಂಗಲ್ ಡೋರ್ ಮನೆಯವಳು